ಬೇರಿಂಗಿಗೆ ಬಿಟ್ಟ ಜಾಗ

ಹೋದ ತಿಂಗಳ ಒಂದು ಭಾನುವಾರ. ಬೆಳಗಿನ ಚಹಾ ಇನ್ನೂ ಮುಗಿದಿರಲಿಲ್ಲ. ಪಕ್ಕದ ಮನೆಯ ಹುಡುಗಿ ಸುರುಳಿ ಸುತ್ತಿದ ದೊಡ್ಡ ಹಾಳೆಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. ಹಿಂದೆಯೇ ಅವಳ ಅಪ್ಪ. ಹುಡುಗಿ ಇಲ್ಲೇ ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗಿನ ಮೂರನೆಯ ವರ್ಷದಲ್ಲಿದ್ದಾಳೆ. ಎಲ್ಲರೂ ಕಂಪ್ಯೂಟರ್ ಸೈನ್ಸ್ ಎಂದು ಓಡುತ್ತಿರುವಾಗ ಇವಳು ಹಟ ಹಿಡಿದು ಮೆಕ್ಯಾನಿಕಲ್ ಸೇರಿದವಳು. ಅಂದಿನಿಂದ ಅವಳ ಅಪ್ಪನಿಗೆ ನೆಟ್ಟಗೆ ನಿದ್ದೆಯಿಲ್ಲ. ನನ್ನಂಥ ಹಳೆಯ ಮೆಕ್ಯಾನಿಕಲ್ ಎಂಜಿನಿಯರ್ ಪಕ್ಕದಲ್ಲೇ ಇರುವುದು ಅವರಿಗೆ ಒಂದು ಧೈರ್ಯ.

ಹಾಳೆ ಬಿಚ್ಚಿದಳು. ಬ್ಯಾಡಗಿ ಮೆಣಸಿನಕಾಯಿ ಒಣಗಿಸುವ ಯಂತ್ರಕ್ಕೆ ಬಿಸಿಗಾಳಿ ಊದುವ ಬ್ಲೋವರ್, ಅವಳ ಪ್ರಾಜೆಕ್ಟು. ಕಂಪ್ಯೂಟರಿನಲ್ಲಿ ಬರೆದು ಮುದ್ರಿಸಿದ ಚಿತ್ರ, ಗೆರೆಗಳೆಲ್ಲ ಕಣ್ಣಿಗೆ ಒತ್ತಿಕೊಳ್ಳುವಷ್ಟು ಚೊಕ್ಕ. ನಮ್ಮ ಕಾಲದಲ್ಲಿ ಇಂಥದೊಂದು ಹಾಳೆ ಬರೆಯಲು ವಾರ ಬೇಕಾಗುತ್ತಿತ್ತು, ಕೊನೆಗೆ ಕೈಯ ಬೆವರಿನಿಂದ ಅದು ಕಪ್ಪಾಗುತ್ತಿತ್ತು. ಇರಲಿ. ಶಾಫ್ಟಿನ ಎರಡು ತುದಿಗೆ ಎರಡು ಬೇರಿಂಗು. ಎರಡಕ್ಕೂ ಒಳಗಡೆ ಶಾಫ್ಟಿನ ಮೆಟ್ಟಿಲು, ಹೊರಗಡೆ ಲಾಕ್ ನಟ್. ಎರಡರ ಹೊರ ಉಂಗುರಕ್ಕೂ ಒಂದು ಬದಿಗೆ ಹೌಸಿಂಗಿನ ಅಂಚು, ಇನ್ನೊಂದು ಬದಿಗೆ ಬೋಲ್ಟು ಬಿಗಿದ ಮುಚ್ಚಳ. ಸಾಸಿವೆ ಕಾಳು ತೂರುವಷ್ಟೂ ಜಾಗವಿಲ್ಲ.

"ಎರಡೂ ಕಡೆ ಒಂಚೂರೂ ಅಲ್ಲಾಡದಂಗ ಫಿಕ್ಸ್ ಮಾಡೀನಿ ಅಂಕಲ್" ಎಂದಳು.

ನಾನು ಮಾತಾಡದೆ ಒಳಗೆ ಹೋಗಿ, ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ತಡಕಾಡಿ, ಎರಡು ಕಬ್ಬಿಣದ ಉಂಗುರಗಳನ್ನು ತಂದು ಅವಳ ಹಾಳೆಯ ಮೇಲಿಟ್ಟೆ. ಒಂದೊಂದೂ ಊಟದ ಬಟ್ಟಲಿನಷ್ಟು ಅಗಲ, ಹೆಬ್ಬೆರಳ ದಪ್ಪ. ಈ ಉಂಗುರಗಳು ಮೂವತ್ತು ವರ್ಷಕ್ಕೂ ಮಿಕ್ಕಿ ನನ್ನ ಜೊತೆ ಊರಿಂದೂರಿಗೆ ಮನೆ ಬದಲಿಸಿವೆ. ಪ್ರತಿ ಸಲ ಗಂಟು ಕಟ್ಟುವಾಗ ನನ್ನ ಹೆಂಡತಿ, "ಇದನ್ನ ಗುಜರಿಗೆ ಹಾಕಬಾರದ?" ಎಂದು ಕೇಳುತ್ತಾಳೆ. ಹಾಕಿಲ್ಲ.

ಅವುಗಳ ಕಥೆ ಹೇಳುವ ಮುಂಚೆ, ಎಂಜಿನಿಯರಿಂಗ್ ಓದದ ತಂದೆತಾಯಿಗಳಿಗಾಗಿ ಎರಡು ಮಾತು. ಬೇರಿಂಗ್ ಎಂದರೆ ತಿರುಗುವ ಶಾಫ್ಟನ್ನು ಹೊತ್ತು ನಿಲ್ಲುವ ಸಾಧನ. ಒಂದು ಒಳ ಉಂಗುರ, ಒಂದು ಹೊರ ಉಂಗುರ, ನಡುವೆ ಗುಂಡುಗಳೋ ಉರುಳೆಗಳೋ. ನಿಮ್ಮ ಮನೆಯ ಸೀಲಿಂಗ್ ಫ್ಯಾನಿನಲ್ಲಿ ಎರಡಿವೆ, ನೀರೆತ್ತುವ ಪಂಪಿನ ಮೋಟಾರಿನಲ್ಲಿ ಎರಡಿವೆ. ಬೇರಿಂಗನ್ನು ಅಂಗಡಿಯಿಂದ ತರುವುದು ಸುಲಭ. ತಂದದ್ದನ್ನು ಅದರ ಜಾಗದಲ್ಲಿ ನಿಲ್ಲಿಸುವುದೇ ವಿದ್ಯೆ.

ಈ ವಿದ್ಯೆ ನಮಗೆ ಹೊಸದೇನಲ್ಲ. ಎತ್ತಿನ ಬಂಡಿಯ ಅಚ್ಚಿಗೆ ಗಾಲಿ ಏರಿಸಿ, ಅದು ಕಳಚಿ ಬೀಳದಂತೆ ಅಚ್ಚಿನ ತುದಿಯ ತೂತಿಗೆ ಒಂದು ಕೀಲು ಹಾಕುತ್ತಾರಲ್ಲ, ಕಡಾಣಿ ಅಥವಾ ಕಡೆಗೀಲು, ಅದು ಇದೇ ಕೆಲಸ ಮಾಡುತ್ತದೆ. ಜೇಡರ ದಾಸಿಮಯ್ಯನ ಒಂದು ವಚನ ಈ ಕಡೆಗೀಲಿನ ಮೇಲೇ ನಿಂತಿದೆ. ಆದರೆ ಬಂಡಿ ಹೊಡೆದವರಿಗೆ ಇನ್ನೊಂದು ಸಂಗತಿ ಗೊತ್ತು: ಕಡಾಣಿ ಗಾಲಿಯನ್ನು ಬಿಗಿಯುವುದಿಲ್ಲ. ಗಾಲಿಯ ಗುಂಬಕ್ಕೂ ಕಡಾಣಿಗೂ ನಡುವೆ ಒಂದಿಷ್ಟು ಸಂದು ಇದ್ದೇ ಇರುತ್ತದೆ. ಗಾಲಿ ಅಚ್ಚಿನ ಮೇಲೆ ಆಚೀಚೆ ಸರಿದಾಡುತ್ತದೆ, ಬಂಡಿ ಗಡಗಡ ಎನ್ನುತ್ತದೆ. ಆ ಸಂದು ಇಲ್ಲದಿದ್ದರೆ ಎತ್ತುಗಳಿಗೆ ಕಷ್ಟ.

ನಾನು ಬೇರಿಂಗನ್ನು ಮೊದಲು ಕಂಡದ್ದು ಕಾಲೇಜಿನಲ್ಲಲ್ಲ, ನಮ್ಮಪ್ಪನ ಹಿಟ್ಟಿನ ಗಿರಣಿಯಲ್ಲಿ. ತಾಲ್ಲೂಕು ಕೇಂದ್ರವೊಂದರ ಸಂತೆಪೇಟೆಯ ಪುಟ್ಟ ಗಿರಣಿ. ಮೋಟಾರಿನ ಬೇರಿಂಗು ಸದ್ದು ಮಾಡಿದಾಗ ಅಪ್ಪ ಅದನ್ನು ಬಿಚ್ಚಿಸುತ್ತಿದ್ದರು. ಒಮ್ಮೆ ಬಿಚ್ಚಿದಾಗ ಶಾಫ್ಟು ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು. ಹೊಸ ಬೇರಿಂಗು ಬೆರಳಲ್ಲಿ ತಳ್ಳಿದರೆ ಏರುತ್ತಿತ್ತು. ಹೊಸದು ಇಷ್ಟು ಸಲೀಸಾಗಿ ಏರಿತಲ್ಲ ಎಂದು ನನಗೆ ಖುಷಿ; ಅಪ್ಪನ ಮುಖ ಮಾತ್ರ ಇಳಿದುಹೋಯಿತು. ಮೋಟಾರು ರಿಪೇರಿಯವನು ಸೆಂಟರ್ ಪಂಚ್ ತೆಗೆದುಕೊಂಡು ಶಾಫ್ಟಿನ ಸುತ್ತ ಟಕಟಕ ಎಂದು ಗುಳಿ ಹೊಡೆದ. ಗುಳಿಯ ಅಂಚು ಉಬ್ಬಿ ಬೇರಿಂಗು ಬಿಗಿಯಾಯಿತು. ಇನ್ನೊಂದು ಸಲ ಸಿಗರೇಟು ಪ್ಯಾಕಿನ ಬೆಳ್ಳಿಹಾಳೆಯನ್ನು ಸುತ್ತಿ ಕೂರಿಸಿದ. ಎರಡೂ ಮೂರು ತಿಂಗಳ ಬಾಳಿಕೆಯ ಉಪಾಯ. ಶಾಫ್ಟಿಗೆ ವೆಲ್ಡಿಂಗಿನಿಂದ ಲೋಹ ತುಂಬಿಸಿ ಲೇತಿನಲ್ಲಿ ಮತ್ತೆ ಅಳತೆಗೆ ತರುವುದು ಸರಿಯಾದ ದಾರಿ. ಅದಕ್ಕೆ ದುಡ್ಡು ಬೇಕು, ಅಲ್ಲಿಯವರೆಗೆ ಗಿರಣಿ ನಿಲ್ಲಬೇಕು. ಅಪ್ಪನಿಗೆ ಎರಡೂ ಸಾಧ್ಯವಿರಲಿಲ್ಲ. ನನ್ನ ಫೀಜು ಇತ್ತಲ್ಲ.

ಸಡಿಲವಿದ್ದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿದ್ದು ಕಾಲೇಜಿಗೆ ಸೇರಿದ ಮೇಲೆ. ಸಡಿಲವಾದ ಬಳೆಯನ್ನು ಬೆರಳಿಗೆ ಸಿಕ್ಕಿಸಿ ಕೈ ತಿರುಗಿಸಿದರೆ ಬಳೆ ಬೆರಳಿನಷ್ಟೇ ವೇಗದಲ್ಲಿ ತಿರುಗುವುದಿಲ್ಲ, ಪ್ರತಿ ಸುತ್ತಿಗೂ ಸ್ವಲ್ಪ ಹಿಂದೆ ಬೀಳುತ್ತದೆ. ಬೇರಿಂಗಿನ ಒಳ ಉಂಗುರವೂ ಹಾಗೆಯೇ. 25 ಮಿಲಿಮೀಟರ್ ಶಾಫ್ಟಿನ ಮೇಲೆ ಉಂಗುರ ಬರೀ 0.02 ಮಿಲಿಮೀಟರಿನಷ್ಟು ದೊಡ್ಡದಿದ್ದರೆ, ಸುತ್ತಿಗೆ 0.06 ಮಿಲಿಮೀಟರಿನಷ್ಟು ಹಿಂದೆ ಬೀಳುತ್ತದೆ. ನಿಮಿಷಕ್ಕೆ 1440 ಸುತ್ತು ತಿರುಗುವ ಮೋಟಾರಿನಲ್ಲಿ ಇದು ನಿಮಿಷಕ್ಕೆ ಸುಮಾರು 90 ಮಿಲಿಮೀಟರ್. ಶಾಫ್ಟಿನ ಸುತ್ತಳತೆಯೇ 78 ಚಿಲ್ಲರೆ. ಅಂದರೆ ಕಣ್ಣಿಗೆ ಕಾಣದಷ್ಟು ಸಡಿಲವಿರುವ ಉಂಗುರ, ಹೊತ್ತ ಭಾರದ ಸಮೇತ, ನಿಮಿಷಕ್ಕೊಂದು ಸಲಕ್ಕಿಂತ ಹೆಚ್ಚು ಶಾಫ್ಟನ್ನು ಉಜ್ಜಿಕೊಂಡು ಸುತ್ತುತ್ತಿರುತ್ತದೆ. ನಮ್ಮ ಗಿರಣಿಯ ಶಾಫ್ಟು ಕನ್ನಡಿಯಾದದ್ದು ಹೀಗೆ.

ಆದ್ದರಿಂದ ಮೊದಲ ಸೂತ್ರ: ಭಾರ ಒಂದೇ ದಿಕ್ಕಿನಿಂದ ಬೀಳುತ್ತಿದ್ದು ಯಾವ ಉಂಗುರ ತಿರುಗುತ್ತದೋ ಅದು ತನ್ನ ಜಾಗದಲ್ಲಿ ಬಿಗಿಯಾಗಿ ಕೂರಬೇಕು. ಸಾಮಾನ್ಯವಾಗಿ ಒಳ ಉಂಗುರ ತಿರುಗುತ್ತದೆ, ಅದು ಶಾಫ್ಟಿಗೆ ಬಿಗಿ. ಹೊರ ಉಂಗುರ ನಿಂತಿರುತ್ತದೆ, ಅದು ಹೌಸಿಂಗಿನಲ್ಲಿ ಕೈಯಿಂದ ಒತ್ತಿದರೆ ಜಾರುವಷ್ಟು ಸಡಿಲವಿರಬಹುದು. ಬಂಡಿಯ ಗಾಲಿಯಂತೆ ಹೊರಗಿನದು ತಿರುಗಿದರೆ ಲೆಕ್ಕ ತಿರುಗುಮುರುಗು.

ಬಿಗಿಯಾಗಿ ಕೂತ ಮಾತ್ರಕ್ಕೆ ಮುಗಿಯಲಿಲ್ಲ. ಶಾಫ್ಟಿನ ಉದ್ದಕ್ಕೂ ಒತ್ತಡ ಬಂದರೆ ಬಿಗಿಯಾಗಿ ಕೂತದ್ದೂ ಮೆಲ್ಲಗೆ ಜರುಗುತ್ತದೆ. ಅದಕ್ಕಾಗಿ ಒಂದು ಬದಿಗೆ ಶಾಫ್ಟಿನಲ್ಲೇ ಮೆಟ್ಟಿಲು, ಇನ್ನೊಂದು ಬದಿಗೆ ನಟ್ಟು. ಆ ನಟ್ಟು ಬಿಚ್ಚಿಕೊಳ್ಳದಂತೆ ಹಲ್ಲಿನ ವಾಷರು. ಜಾಗ ಕಡಿಮೆಯಿದ್ದರೆ ಗಾಡಿಯಲ್ಲಿ ತೋಡಿ ಕೂರಿಸುವ ಸರ್‌ಕ್ಲಿಪ್ಪು. ಇದು ಅಗ್ಗ, ಸುಲಭ. ಆದರೆ ಆ ಗಾಡಿಯೇ ಶಾಫ್ಟನ್ನು ದುರ್ಬಲ ಮಾಡುತ್ತದೆ, ಶಾಫ್ಟು ಮುರಿಯುವುದಾದರೆ ಬಹಳ ಸಲ ಅಲ್ಲಿಯೇ. ಎರಡು ಬೇರಿಂಗುಗಳ ನಡುವೆ ಅಂತರ ಕಾಯುವ ಕೊಳವೆ, ಹೌಸಿಂಗಿಗೆ ಬೋಲ್ಟು ಹಾಕಿದ ಮುಚ್ಚಳ, ಒಕ್ಕಣೆ ಯಂತ್ರಗಳಲ್ಲಿ ಕಾಣುವಂತೆ ಒಳ ಉಂಗುರಕ್ಕೇ ಬಿಗಿದ ಎರಡು ಗ್ರಬ್ ಸ್ಕ್ರೂ. ಹೇಳುತ್ತ ಹೋದರೆ ಪಟ್ಟಿ ಬೆಳೆಯುತ್ತದೆ. ಪಠ್ಯಪುಸ್ತಕದಲ್ಲಿ ಎಲ್ಲ ಇದೆ. ನಾನೂ ಅದನ್ನೆಲ್ಲ ಓದಿ, ಬರೆದು, ಒಳ್ಳೆಯ ಅಂಕ ತೆಗೆದುಕೊಂಡೇ ಹೊರಬಿದ್ದವನು.

1993ರಲ್ಲಿ, ನನಗೆ ಇಪ್ಪತ್ನಾಲ್ಕು ವರ್ಷ, ನಮ್ಮ ಸೀಮೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅದರ ಹೆಸರು ಬೇಡ. ಮಳೆಗಾಲದಲ್ಲಿ ಕಬ್ಬು ನುರಿಸುವುದಿಲ್ಲ, ಯಂತ್ರಗಳನ್ನೆಲ್ಲ ಬಿಚ್ಚಿ ಜೋಡಿಸುವ ಕಾಲ. ನನ್ನನ್ನು ಬಾಯ್ಲರ್ ವಿಭಾಗಕ್ಕೆ ಹಾಕಿದರು. ಅಲ್ಲಿನ ಹೆಡ್ ಫಿಟ್ಟರು ಐವತ್ತು ದಾಟಿದವರು, ಎಲ್ಲರೂ ಕರೆಯುತ್ತಿದ್ದದ್ದು ಕಾಕಾ ಎಂದು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮನೆಗೆ ಊರಿ, ಹಿಡಿಕೆಗೆ ಕಿವಿ ಹಚ್ಚಿ, ಡಾಕ್ಟರು ಎದೆ ಪರೀಕ್ಷಿಸಿದಂತೆ ಕೇಳುತ್ತಿದ್ದರು.

ಬಾಯ್ಲರಿನ ಒಲೆಯ ಹೊಗೆಯನ್ನು ಎಳೆದು ಚಿಮಣಿಗೆ ದೂಡುವ ಒಂದು ದೊಡ್ಡ ಫ್ಯಾನು ಇರುತ್ತದೆ, ಐಡಿ ಫ್ಯಾನು ಎನ್ನುತ್ತೇವೆ. ಹೊಗೆಯ ಬಿಸಿ ನೂರೈವತ್ತು ಡಿಗ್ರಿ ದಾಟಿರುತ್ತದೆ. ಶಾಫ್ಟಿನ ನಡುಭಾಗ ಆ ಹೊಗೆಯೊಳಗೆ, ಎರಡು ತುದಿಗಳು ಹೊರಗೆ, ಕಾಂಕ್ರೀಟು ಕಟ್ಟೆಯ ಮೇಲಿನ ಎರಡು ಬೇರಿಂಗುಗಳಲ್ಲಿ. ಎರಡರ ನಡುವೆ ಎರಡೂವರೆ ಮೀಟರು ಅಂತರ. ಬೇರಿಂಗಿನ ನಂಬರು 22218 ಕೆ. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳವ್ಯಾಸ: 90 ಮಿಲಿಮೀಟರು. ಕೆ ಎಂದರೆ ಒಳಗಿನ ತೂತು ಓರೆ. ಆ ಓರೆ ತೂತಿಗೆ ಸೀಳಿದ ಓರೆ ಕೊಳವೆಯೊಂದು, ಅಡಾಪ್ಟರ್ ಸ್ಲೀವು. ನಟ್ಟು ಬಿಗಿದಂತೆ ಬೇರಿಂಗು ಕೊಳವೆಯ ಮೇಲೆ ಏರುತ್ತದೆ, ಕೊಳವೆ 80 ಮಿಲಿಮೀಟರ್ ಶಾಫ್ಟನ್ನು ಅಪ್ಪಿ ಹಿಡಿಯುತ್ತದೆ. ಶಾಫ್ಟಿನಲ್ಲಿ ಮೆಟ್ಟಿಲೂ ಬೇಡ, ಗಾಡಿಯೂ ಬೇಡ.

ಈ ಬೇರಿಂಗು ಬಹಳ ಉದಾರಿ. ಶಾಫ್ಟು ಕೊಂಚ ಬಾಗಿದರೂ, ಕಟ್ಟೆ ಕೊಂಚ ಕುಸಿದರೂ ತಾನೇ ಓರೆಯಾಗಿ ಹೊಂದಿಕೊಳ್ಳುತ್ತದೆ. ಇದರ ಹಿರಿಯಣ್ಣನನ್ನು 1907ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಸ್ವೆನ್ ವಿಂಗ್‌ಕ್ವಿಸ್ಟ್ ಎಂಬ ಎಂಜಿನಿಯರು ಕಂಡುಹಿಡಿದ. ಅವನು ಬಟ್ಟೆ ಗಿರಣಿಯಲ್ಲಿದ್ದವನು, ಅಲ್ಲಿನ ಜೇಡಿನೆಲ ಸರಿದು ಶಾಫ್ಟುಗಳು ಸೊಟ್ಟಗಾಗಿ ಬೇರಿಂಗುಗಳು ಹಾಳಾಗುತ್ತಿದ್ದವು. ಗುಂಡಿನ ಬದಲು ಉರುಳೆ ಹಾಕಿದ ನಮ್ಮ ಮಾದರಿ 1919ರದು. ಆದರೆ ಈ ಔದಾರ್ಯ ಓರೆಗೆ ಮಾತ್ರ. ಶಾಫ್ಟು ಉದ್ದವಾದರೆ ಒಳಗೊಳಗೇ ಸಹಿಸಿಕೊಳ್ಳುವ ಶಕ್ತಿ ಇದಕ್ಕಿಲ್ಲ.

ಕಾಕಾ ಎರಡೂ ಬೇರಿಂಗು ಹೊಸದು ಹಾಕಿ ನನ್ನನ್ನು ಕರೆದರು. ಮೇಲಿನ ಮುಚ್ಚಳ ಇನ್ನೂ ಹಾಕಿರಲಿಲ್ಲ. ಬೇರಿಂಗು ಕೂರುವ ಕಬ್ಬಿಣದ ಮನೆಯಲ್ಲಿ, ಅಂದರೆ ಪ್ಲಮ್ಮರ್ ಬ್ಲಾಕಿನಲ್ಲಿ, ಹೊರ ಉಂಗುರಕ್ಕೆ 65 ಮಿಲಿಮೀಟರು ಅಗಲದ ಜಾಗವಿತ್ತು. ಬೇರಿಂಗಿನ ಅಗಲ 40. ಮೋಟಾರಿನ ಕಡೆಯ ಬ್ಲಾಕಿನಲ್ಲಿ ಉಳಿದ 25ನ್ನು ಹನ್ನೆರಡೂವರೆ ಮಿಲಿಮೀಟರಿನ ಎರಡು ಉಂಗುರ, ಬೇರಿಂಗಿನ ಆಚೆಗೊಂದು ಈಚೆಗೊಂದು, ತುಂಬಿದ್ದವು. ಆಚೆ ತುದಿಯ ಬ್ಲಾಕಿನಲ್ಲಿ ಉಂಗುರಗಳೇ ಇಲ್ಲ! ಬೇರಿಂಗು ಜಾಗದ ನಡುವೆ ಸುಮ್ಮನೆ ಕೂತಿದೆ, ಎರಡೂ ಬದಿಗೆ ಹೆಬ್ಬೆರಳು ತೂರುವಷ್ಟು ಖಾಲಿ. ಉಗ್ರಾಣದ ಪೆಟ್ಟಿಗೆಯಲ್ಲಿ ಎರಡು ಹೊಸ ಉಂಗುರ ಕಾಗದ ಸುತ್ತಿಕೊಂಡು ಕೂತಿದ್ದವು.

ನಾನು ಕೇಳಿದೆ, "ಇಲ್ಲಿ ಯಾಕೆ ಹಾಕಿಲ್ಲ?"

"ಅದು ಹಂಗ ಇರಬೇಕ್ರಿ ಸಾಹೇಬ್ರ."

"ಯಾಕೆ ಹಾಗಿರಬೇಕು?"

"ಯಾಕಂತ ನನಗ ಗೊತ್ತಿಲ್ರಿ. ಮೊದಲಿಂದ ಹಂಗ ಐತಿ. ನಮ್ಮ ಮಿಸ್ತ್ರಿ ಹಂಗ ಮಾಡತಿದ್ದರು."

ಮೊದಲಿಂದ ಹಾಗೆ ಇದೆ ಎಂಬ ಮಾತು ಹೊಸದಾಗಿ ಡಿಗ್ರಿ ಪಡೆದವನ ಕಿವಿಗೆ ಹೇಗೆ ಕೇಳಿಸುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಅಜ್ಞಾನ, ಸೋಮಾರಿತನ, ಎರಡೂ ಒಟ್ಟಿಗೆ ಕಂಡಿತು ನನಗೆ. ಬೇರಿಂಗನ್ನು ಭದ್ರವಾಗಿ ಹಿಡಿಯಬೇಕು ಎಂದು ಪುಸ್ತಕ ಹೇಳುತ್ತದೆ, ಹಿಡಿಯುವ ಉಂಗುರ ಉಗ್ರಾಣದಲ್ಲಿದೆ, ಈತ ಹಾಕಿಲ್ಲ. "ಹಾಕಿ" ಎಂದೆ. ಕಾಕಾ ಒಂದು ಗಳಿಗೆ ಸುಮ್ಮನಿದ್ದು, "ಬುಕ್ಕಿನ್ಯಾಗ ಬರದ ಕೊಡ್ರಿ" ಎಂದರು. ಆಮೇಲೆ ಬರೆಯುತ್ತೇನೆ ಎಂದೆ. ಬರೆಯಲಿಲ್ಲ. ಬೇಕೆಂದೇ ಬರೆಯಲಿಲ್ಲವೇ, ಮರೆತೆನೇ? ಆ ಪ್ರಶ್ನೆಗೆ ನಾನು ಬೇರೆ ಬೇರೆ ವಯಸ್ಸಿನಲ್ಲಿ ಬೇರೆ ಬೇರೆ ಉತ್ತರ ಕೊಟ್ಟುಕೊಂಡಿದ್ದೇನೆ.

ಹೊಗೆಯಿಲ್ಲದೆ ಎರಡು ದಿನ ಫ್ಯಾನು ಓಡಿಸಿ ನೋಡಿದೆವು. ಕೈಯಿಟ್ಟರೆ ಬೇರಿಂಗು ಉಗುರುಬೆಚ್ಚಗೆ, ಅದುರು ಇಲ್ಲವೇ ಇಲ್ಲ. ನಾನು ಹೆಮ್ಮೆಯಿಂದ ಬೀಗಿದೆ.

ಹಂಗಾಮು ಶುರುವಾಯಿತು. ಪೂಜೆಯಾಗಿ, ಬಾಯ್ಲರಿಗೆ ಬೆಂಕಿ ಬಿದ್ದು, ಉಗಿ ಏರಿತು. ಆ ರಾತ್ರಿ ಎಂಟರ ಹೊತ್ತಿಗೆ ಕಾಕಾ ನನ್ನ ಹತ್ತಿರ ಬಂದು, "ಆಚೀ ಬೇರಿಂಗ್ ಅಳಾಕತ್ತೈತ್ರಿ" ಎಂದರು. ಹೋಗಿ ನೋಡಿದರೆ ಗ್ರೀಸು ಕರಗಿ ಬ್ಲಾಕಿನ ಸಂದಿಯಿಂದ ಜೇನಿನಂತೆ ಇಳಿಯುತ್ತಿತ್ತು. ಸುಟ್ಟ ವಾಸನೆ. ಕೈಯಿಡುವಂತಿಲ್ಲ. ಕೀರಲು ಸದ್ದು ಏರುತ್ತ ಹೋಗಿ ಒಮ್ಮೆಲೇ ಕಟಕಟ ಎಂದಿತು, ಫ್ಯಾನು ನಿಲ್ಲಿಸಿದೆವು. ಹೊಗೆ ಎಳೆಯುವವರು ಇಲ್ಲದೆ ಒಲೆಯ ಬಾಯಿಂದ ಜ್ವಾಲೆ ಹೊರಕ್ಕೆ ನುಗ್ಗಿತು. ಬೆಂಕಿ ಇಳಿಸಿದರು, ಉಗಿ ಇಳಿಯಿತು, ಕಬ್ಬಿನ ಗಾಣ ನಿಂತಿತು.

ನಿಂತದ್ದು ಹದಿನಾಲ್ಕು ತಾಸು. ಬೆಳಗಾದಾಗ ಗೇಟಿನಾಚೆ ಟ್ರ್ಯಾಕ್ಟರುಗಳು, ಎತ್ತಿನ ಬಂಡಿಗಳು ಕಣ್ಣು ಹೋದಷ್ಟು ದೂರ ನಿಂತಿದ್ದವು. ಕಡಿದ ಕಬ್ಬು ಬಿಸಿಲಿಗೆ ತಾಸುತಾಸಿಗೆ ತೂಕ ಕಳೆದುಕೊಳ್ಳುತ್ತದೆ, ರೈತನಿಗೆ ಹಣ ಸಿಗುವುದು ತೂಕಕ್ಕೆ. ಎತ್ತುಗಳ ಕೊರಳು ಬಿಚ್ಚಿ, ಗಾಲಿಗೆ ಕಲ್ಲು ಕೊಟ್ಟು, ಬಂಡಿಯ ನೆರಳಲ್ಲಿ ಮಲಗಿದ್ದವರ ನಡುವೆ ಹಾದು ನಾನು ಚಹಾ ಅಂಗಡಿಗೆ ಹೋದೆ. ಯಾರೋ ಒಬ್ಬರು, "ಏನ ಕೆಟ್ಟೈತ್ರಿ ಸಾಹೇಬ್ರ?" ಎಂದು ಕೇಳಿದರು. "ಬೇರಿಂಗು" ಎಂದೆ. ಸುಳ್ಳಲ್ಲ.

ಆದದ್ದು ಇಷ್ಟು. ಉಕ್ಕು ಬಿಸಿಯಾದರೆ ಬೆಳೆಯುತ್ತದೆ, ಒಂದು ಡಿಗ್ರಿಗೆ ಒಂದು ಮೀಟರಿಗೆ ಸುಮಾರು 0.012 ಮಿಲಿಮೀಟರು. ಶಾಫ್ಟು ಎರಡೂವರೆ ಮೀಟರು. ಸರಾಸರಿ 80 ಡಿಗ್ರಿ ಬಿಸಿಯೇರಿತು ಎನ್ನಿ, ಗುಣಿಸಿ ನೋಡಿ: 2.4 ಮಿಲಿಮೀಟರು. ಬೇರಿಂಗಿನೊಳಗೆ ಉದ್ದಕ್ಕೆ ಸರಿಯಲು ಇರುವ ಜಾಗ ಮಿಲಿಮೀಟರಿನ ಹತ್ತರಲ್ಲಿ ಕೆಲವು ಪಾಲು ಮಾತ್ರ. ಕೆಳಗಿನ ಕಾಂಕ್ರೀಟು ಕಟ್ಟೆ ಬಿಸಿಯಾಗಲಿಲ್ಲ, ಬೆಳೆಯಲಿಲ್ಲ. ಒಂದು ತುದಿಯ ಬೇರಿಂಗನ್ನು ಹಿಡಿದು, ಇನ್ನೊಂದು ತುದಿಯ ಬೇರಿಂಗಿಗೆ ಮನೆಯೊಳಗೆ ಜಾರಲು ಜಾಗ ಬಿಟ್ಟಿದ್ದರೆ ಆ 2.4 ಸದ್ದಿಲ್ಲದೆ ಮುಗಿಯುತ್ತಿತ್ತು. ನಾನು ಎರಡೂ ತುದಿಯನ್ನು ಹಿಡಿದಿದ್ದೆ. ಶಾಫ್ಟು ಎರಡೂ ಬೇರಿಂಗುಗಳನ್ನು ಹೊರಕ್ಕೆ ಒತ್ತಿತು, ಎರಡು ಸಾಲು ಉರುಳೆಗಳಲ್ಲಿ ಒಂದೇ ಸಾಲಿನ ಮೇಲೆ ಭಾರವೆಲ್ಲ ಬಿತ್ತು, ಒತ್ತಿದ್ದರಿಂದ ಬಿಸಿ, ಬಿಸಿಯಿಂದ ಇನ್ನಷ್ಟು ಒತ್ತಡ. ಹಿಡಿದ ತುದಿ ಮೋಟಾರಿನ ಕಡೆ ಇರುವುದಕ್ಕೂ ಕಾರಣವಿದೆ: ಅಲ್ಲಿ ಶಾಫ್ಟು ಸರಿದರೆ ಮೋಟಾರಿಗೂ ಫ್ಯಾನಿಗೂ ನಡುವಿನ ಕಪ್ಲಿಂಗಿನ ಸಂದು ಕೆಡುತ್ತದೆ. ಬೆಳೆಯುವುದೆಲ್ಲ ಆಚೆ ಕಡೆಗೆ ಬೆಳೆಯಲಿ ಎಂದು.

ರೈಲು ಹಳಿಗಳ ನಡುವೆ ಸಂದು ಬಿಟ್ಟಿರುವುದೇಕೆ? ಏಳನೆಯ ಇಯತ್ತೆಯಲ್ಲಿ ಎರಡು ಅಂಕದ ಪ್ರಶ್ನೆ. ಆಗ ನನಗೆ ಎರಡಕ್ಕೆ ಎರಡು ಬಂದಿತ್ತು.

ಚೀಫ್ ಎಂಜಿನಿಯರು ಬ್ಲಾಕಿನ ಮುಚ್ಚಳ ತೆಗೆಸಿದರು. ಆಚೆ ತುದಿಯ ಬೇರಿಂಗಿನ ಪಂಜರ ಚೂರಾಗಿತ್ತು. ಉಂಗುರ ಕಂಡದ್ದೇ ಅವರು ಕಾಕಾನ ಕಡೆ ತಿರುಗಿ, "ಮೂವತ್ತು ವರ್ಷ ಸರ್ವಿಸ್ ಆತು, ಇಷ್ಟೂ ತಿಳೀಲಿಲ್ಲೇನೋ?" ಎಂದರು. ಕೆಲಸದ ಚೀಟಿಯಲ್ಲಿ ಇದ್ದದ್ದು ಕಾಕಾನ ಹೆಸರು. ಕಾಕಾ ನನ್ನ ಮುಖ ನೋಡಿದರು. ಸಿಟ್ಟಿನಿಂದಲ್ಲ, ಸುಮ್ಮನೆ, ನಾನು ಏನಾದರೂ ಹೇಳುತ್ತೇನೇನೋ ಎಂದು ನೋಡಿದ ಹಾಗೆ. ನಾನು ಬ್ಲಾಕಿನೊಳಗೆ ಬಗ್ಗಿ ಪಂಜರದ ಚೂರು ಆರಿಸುತ್ತಿದ್ದೆ. ಅಷ್ಟು ಶ್ರದ್ಧೆಯಿಂದ ನಾನು ಯಾವ ಕೆಲಸವನ್ನೂ ಮಾಡಿದವನಲ್ಲ.

ಕಾಕಾನಿಗೆ ಮೆಮೊ ಬಂತು, ಎಂಟು ದಿನ ಬಿನ್‌ಪಗಾರಿ ಮನೆಯಲ್ಲಿರುವಂತೆ ಆದೇಶ. ಮೂರನೆಯ ದಿನ ನಾನು ಚೀಫ್ ಎಂಜಿನಿಯರ ಕೋಣೆಗೆ ಹೋಗಿ ಇದ್ದದ್ದನ್ನು ಹೇಳಿದೆ. ಅವರು ಬಹಳ ಹೊತ್ತು ಪೆನ್ನಿನ ಟೊಪ್ಪಿಗೆ ತಿರುಗಿಸುತ್ತ ಕೂತರು. "ಹೇಳಿದ್ಯಲ್ಲ, ಸಾಕು. ಬರದು ಕೊಡಬ್ಯಾಡ. ನಿಂದಿನ್ನೂ ಪ್ರೊಬೇಷನ್. ಕಾಗದ ಮ್ಯಾಲೆ ಹೋಗೇತಿ, ಅದನ್ನ ವಾಪಸ್ ತರಾಕ ಬರೂದಿಲ್ಲ" ಎಂದರು. ನಾನು ಬರೆದು ಕೊಡಲಿಲ್ಲ. ಕಾಕಾನ ಕಡತದಲ್ಲಿ ಆ ಮೆಮೊ ಅವರು ನಿವೃತ್ತರಾಗುವವರೆಗೂ ಇತ್ತು.

ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ಹೇಳಿಕೊಂಡೆ. ಗಿರಣಿಯ ಹಿಟ್ಟು ಮೈಗೆಲ್ಲ ಮೆತ್ತಿಕೊಂಡು ಕೂತಿದ್ದ ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಆ ಮನಷ್ಯಾನ ಎಂಟ ದಿನದ ಪಗಾರ ಎಷ್ಟು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. "ತಿಳಕೊಂಡು ಕೊಟ್ಟ ಬಾ" ಎಂದು ಎದ್ದು ಹೋದರು.

ಹಬ್ಬ ಮುಗಿಸಿ ಮರಳಿ ಕಾಕಾನ ಮನೆಗೆ ಹೋದೆ. ಆರುನೂರು ರೂಪಾಯಿ ಕೊಟ್ಟೆ. ಬೇಡ ಅನ್ನುತ್ತಾರೆ, ನಾನು ಒತ್ತಾಯ ಮಾಡುತ್ತೇನೆ, ಇಬ್ಬರ ಕಣ್ಣಲ್ಲೂ ನೀರು ಬರುತ್ತದೆ, ಹೀಗೆಲ್ಲ ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದೆ. ಕಾಕಾ ನೋಟು ಎಣಿಸಿದರು. ಒಳಗೆ ಹೋಗಿ ನಾಲ್ಕು ಹತ್ತರ ನೋಟು ತಂದು ನನ್ನ ಕೈಗಿಟ್ಟರು. "ದಿನಕ್ಕ ಎಪ್ಪತ್ತು. ಐದುನೂರಾ ಅರವತ್ತು ಆಕ್ಕೈತ್ರಿ" ಎಂದರು. ಆಮೇಲೆ ಅವಲಕ್ಕಿ, ಚಹಾ.

ಚಹಾ ಕುಡಿಯುವಾಗ ಕೇಳಿದರು, "ಈಗರ ಹೇಳ್ರಿ, ಯಾಕ ಹಂಗ ಬಿಡತಾರ?" ನಾನು ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಬರೆದು ತೋರಿಸಿದೆ. 2.4 ಮಿಲಿಮೀಟರು ಎಂದಾಗ ಅವರು ಬೆರಳ ಸಂದಿಯಲ್ಲಿ ಅಷ್ಟು ಜಾಗ ಮಾಡಿ ಬಹಳ ಹೊತ್ತು ನೋಡಿದರು. "ಇಷ್ಟಕ್ಕ?" ಎಂದರು. ಇದರ ಕಾರಣ ತಮಗೆ ಯಾರೂ ಹೇಳಿರಲಿಲ್ಲ, ತಾವೂ ಕೇಳಿರಲಿಲ್ಲ, ಕೇಳಿದ್ದರೆ ಮಿಸ್ತ್ರಿ ಹೊಡೆಯುತ್ತಿದ್ದ ಎಂದರು.

ಅಲ್ಲಿಂದ ಮೂರು ವರ್ಷ ನಾನು ಕಾಕಾನ ಶಿಷ್ಯ. ಫೀಲರ್ ಗೇಜಿನ ಎಸಳನ್ನು ಉರುಳೆಗೂ ಹೊರ ಉಂಗುರಕ್ಕೂ ನಡುವೆ ತೂರಿಸಿ ಮೊದಲಿನ ಸಂದು ಅಳೆಯುವುದು, ಹುಕ್ ಸ್ಪ್ಯಾನರಿನಿಂದ ನಟ್ಟು ಬಿಗಿಯುತ್ತ ಆ ಸಂದು 0.05 ಮಿಲಿಮೀಟರಿನಷ್ಟು ಇಳಿಯುವವರೆಗೆ ಅಳೆಯುತ್ತಲೇ ಇರುವುದು. ಇದು ನಮ್ಮ 90 ಮಿಲಿಮೀಟರಿನ ಬೇರಿಂಗಿನ ಲೆಕ್ಕ. ಕಡಿಮೆ ಬಿಗಿದರೆ ಸ್ಲೀವು ಜಾರುತ್ತದೆ, ಹೆಚ್ಚು ಬಿಗಿದರೆ ಉರುಳೆಗೆ ಉಸಿರಾಡಲು ಜಾಗವಿರುವುದಿಲ್ಲ. ವಾಷರಿನ ಹಲ್ಲು ನಟ್ಟಿನ ಗಾಡಿಗೆ ಎದುರಾಗದಿದ್ದರೆ ಇನ್ನಷ್ಟು ಬಿಗಿದು ಕೂಡಿಸಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಓರೆಯಿಲ್ಲದ ಸಾದಾ ಬೇರಿಂಗಾದರೆ ಕಾಕಾ ಅದನ್ನು ತಂತಿಗೆ ತೂಗುಹಾಕಿ ಕಾದ ಎಣ್ಣೆಯಲ್ಲಿ ಇಳಿಬಿಡುತ್ತಿದ್ದರು, ಕಡಬು ಕರಿದಂತೆ. ತಳಕ್ಕೆ ತಾಗಬಾರದು, 120 ಡಿಗ್ರಿ ಮೀರಬಾರದು. 50 ಮಿಲಿಮೀಟರಿನ ತೂತು 80 ಡಿಗ್ರಿ ಬಿಸಿಯೇರಿದರೆ 0.05ರಷ್ಟು ಹಿಗ್ಗುತ್ತದೆ, ಶಾಫ್ಟಿಗೆ ಸಲೀಸಾಗಿ ಏರುತ್ತದೆ, ಆರಿದ ಮೇಲೆ ಹಿಡಿಯುತ್ತದೆ. ಅದೇ ಬಿಸಿ, ಅದೇ ಹಿಗ್ಗು. ಅಲ್ಲಿ ನನ್ನ ಮರ್ಯಾದೆ ಕಳೆದದ್ದು ಇಲ್ಲಿ ಕೆಲಸಕ್ಕೆ ಬರುತ್ತಿತ್ತು.

ಅಪ್ಪನ ಗಿರಣಿಯ ಮೋಟಾರನ್ನು ಒಮ್ಮೆ ನಾನೇ ಬಿಚ್ಚಿದೆ. ಫ್ಯಾನಿನ ಕಡೆಯ ಬೇರಿಂಗಿನ ಹಿಂದೆ ಅಲೆಅಲೆಯಾಗಿ ಸೊಟ್ಟಗಾದಂತಿರುವ ತೆಳುವಾದ ವಾಷರೊಂದು ಇರಬೇಕಿತ್ತು, ಇರಲಿಲ್ಲ. ಅದು ಸ್ಪ್ರಿಂಗು. ಹೊರ ಉಂಗುರವನ್ನು ಮೆತ್ತಗೆ ಒತ್ತಿ ಹಿಡಿದಿರುತ್ತದೆ, ಶಾಫ್ಟು ಬೆಳೆದರೆ ತಾನು ಚಪ್ಪಟೆಯಾಗಿ ದಾರಿ ಬಿಡುತ್ತದೆ. ರಿಪೇರಿಯವನು ಅದನ್ನು ಸೊಟ್ಟ ವಾಷರು ಎಂದು ಎಸೆದು ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿ ಹಳೆಯ ಮೋಟಾರಿದ್ದರೆ, ಕರೆಂಟಿನಿಂದ ಬಿಡಿಸಿ, ಮಕ್ಕಳೊಂದಿಗೆ ಕೂತು ಬಿಚ್ಚಿ ನೋಡಿ, ಆ ವಾಷರು ಇದೆಯೇ ಎಂದು.

ಇಷ್ಟನ್ನೂ ಕೇಳಿದ ಮೇಲೆ ಪಕ್ಕದ ಮನೆಯ ಹುಡುಗಿ ಪೆನ್ಸಿಲು ಕೇಳಿದಳು. ಅವಳ ಬ್ಲೋವರಿನ ಬೇರಿಂಗುಗಳ ನಡುವೆ 600 ಮಿಲಿಮೀಟರು. ಗಾಳಿಯಿಂದ ಶಾಫ್ಟು 50 ಡಿಗ್ರಿ ಬಿಸಿಯಾದರೆ ಎಷ್ಟು ಎಂದು ಹಾಳೆಯ ಮೂಲೆಯಲ್ಲೇ ಗುಣಿಸಿದಳು. 0.36. ಆಚೆ ತುದಿಯ ಮುಚ್ಚಳಕ್ಕೂ ಹೊರ ಉಂಗುರಕ್ಕೂ ನಡುವೆ ಒಂದು ಮಿಲಿಮೀಟರು ಬಿಟ್ಟು ಗೆರೆ ಎಳೆದಳು. ಒಳ ಉಂಗುರವನ್ನೂ ಬಿಡಬೇಕೇ ಎಂದು ಕೇಳಿದಳು. ಬೇಡ, ಅದು ಶಾಫ್ಟಿನ ಜೊತೆ ಹೋಗಲಿ, ಹೊರಗಿನದು ಮಾತ್ರ ಮನೆಯೊಳಗೆ ಜಾರಲಿ ಎಂದೆ. ಹಾಗಾದರೆ ಹೌಸಿಂಗಿನ ಅಳತೆಯನ್ನೂ ಸಡಿಲ ಮಾಡಬೇಕಲ್ಲ ಎಂದು ಅವಳೇ ಹೇಳಿದಳು. ಅದನ್ನು ನಾನು ಹೇಳುವುದನ್ನೇ ಮರೆತಿದ್ದೆ.

ಅವಳ ಅಪ್ಪ ಅಲ್ಲಿಯವರೆಗೆ ಸುಮ್ಮನೆ ಕೂತಿದ್ದವರು ಮೆಲ್ಲಗೆ, "ಇದು ಪರೀಕ್ಷಾಕ್ಕ ಬರತದೇನ್ರೀ?" ಎಂದು ಕೇಳಿದರು. ಬರಬಹುದು, ಎರಡು ಅಂಕಕ್ಕೆ, ಎಂದೆ.

ಹೋಗುವಾಗ ಹುಡುಗಿ ಒಂದು ಉಂಗುರವನ್ನು ಕಾಲೇಜಿನಲ್ಲಿ ತೋರಿಸುತ್ತೇನೆಂದು ತೆಗೆದುಕೊಂಡು ಹೋದಳು. ಇನ್ನೂ ವಾಪಸು ಕೊಟ್ಟಿಲ್ಲ. ಕೇಳಬೇಕು.